ತಲೆಪೆಟ್ಟಿನ ನಂತರದ ಫಿಟ್ಸ್ ಮಾತ್ರೆ: ನಿಲ್ಲಿಸುವ ದಿನದ ಪ್ರಶ್ನೆ

ತಲೆಗೆ ಬಲವಾದ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದವರಿಗೆ ಫಿಟ್ಸ್ ಬರದಂತೆ ಮುನ್ನೆಚ್ಚರಿಕೆಯಾಗಿ ಫೆನಿಟಾಯಿನ್ ಅಥವಾ ಲೆವೆಟಿರಾಸಿಟಮ್ ಕೊಡುವುದು ರೂಢಿ. ಏಕೆ ಕೊಡುತ್ತಾರೆಂಬುದರಲ್ಲಿ ಗೊಂದಲವಿಲ್ಲ. ಎಂದಿನವರೆಗೆ ಎಂಬುದು ಮಾತ್ರ ಎಷ್ಟೋ ಸಲ ಡಿಸ್ಚಾರ್ಜ್ ಚೀಟಿಗೆ ಬರುವುದೇ ಇಲ್ಲ.

ಈ ವಿಷಯದಲ್ಲಿ ಇಂದಿಗೂ ಆಧಾರವಾಗಿರುವುದು ಅಮೆರಿಕದ ಸಿಯಾಟಲ್‌ನಲ್ಲಿ ನ್ಯಾನ್ಸಿ ಟೆಮ್ಕಿನ್ ಮತ್ತು ಸಂಗಡಿಗರು ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗ. ತೀವ್ರ ಪೆಟ್ಟು ಬಿದ್ದ 404 ಮಂದಿಯಲ್ಲಿ ಕೆಲವರಿಗೆ ಫೆನಿಟಾಯಿನ್, ಉಳಿದವರಿಗೆ ಹುಸಿ ಔಷಧ. ಹೀಗೆ ಒಂದು ವರ್ಷ. ಮೊದಲ ವಾರದಲ್ಲಿ ಫಿಟ್ಸ್ ಬಂದದ್ದು ಹುಸಿ ಔಷಧದ ಗುಂಪಿನಲ್ಲಿ ಶೇ. 14.2, ಫೆನಿಟಾಯಿನ್ ಗುಂಪಿನಲ್ಲಿ ಶೇ. 3.6. ಎಂಟನೆಯ ದಿನದಿಂದ ವರ್ಷದ ಕೊನೆಯವರೆಗೆ ನೋಡಿದರೆ ಔಷಧ ತೆಗೆದುಕೊಂಡವರಲ್ಲಿ ಶೇ. 21.5, ಉಳಿದವರಲ್ಲಿ ಶೇ. 15.7. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದ್ದರಿಂದ ಮಾತ್ರೆಯೇ ಫಿಟ್ಸ್ ತಂದಿತೆನ್ನುವಂತಿಲ್ಲ. ಆದರೆ ವಾರದಾಚೆಗೆ ಅದು ತಡೆಯಿತೆನ್ನಲು ಇಲ್ಲಿ ಆಧಾರವಿಲ್ಲ.

ಇದೇ ಪ್ರಯೋಗದ ರೋಗಿಗಳ ನೆನಪು, ಗಮನ, ಕೈಚುರುಕುಗಳನ್ನು ಸುರೇಯಾ ಡಿಕ್ಮೆನ್ ಪರೀಕ್ಷಿಸಿದರು. ತೀವ್ರ ಗಾಯವಾದವರಲ್ಲಿ, ಒಂದು ತಿಂಗಳ ಹೊತ್ತಿಗೆ, ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದವರೇ ಹಿಂದೆ ಬಿದ್ದಿದ್ದರು. ನನ್ನ ದೃಷ್ಟಿಯಲ್ಲಿ ಇದು ಮೊದಲಿನ ಅಂಕಿಗಳಷ್ಟೇ ತೂಕದ ಸಂಗತಿ. ಮಂಪರು, ಮಾತಿನಲ್ಲಿ ತಡವರಿಕೆ, ನಡಿಗೆಯಲ್ಲಿ ತೂರಾಟ ಕಂಡಾಗ ಮನೆಯವರು ‘ಪೆಟ್ಟಿನಿಂದಲೇ ಹೀಗಾಗಿದ್ದಾನೆ’ ಎಂದುಕೊಳ್ಳುವುದು ಸಹಜ. ಲೆವೆಟಿರಾಸಿಟಮ್‌ನಿಂದ ಸಿಡುಕು ಹೆಚ್ಚಿದರೂ ಅದೇ ವಿವರಣೆ. ಮಾತ್ರೆಯ ಮೇಲೆ ಅನುಮಾನ ಬರುವುದೇ ಇಲ್ಲ.

ಫೆನಿಟಾಯಿನ್‌ಗೆ ಇನ್ನೊಂದು ತೊಡಕಿದೆ. ಅದನ್ನು ಕರಗಿಸುವ ಯಕೃತ್ತಿನ ಸಾಮರ್ಥ್ಯ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಆಮೇಲೆ ಪ್ರಮಾಣವನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ಥಟ್ಟನೆ ಜಿಗಿಯುತ್ತದೆ. ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು ಕೊಡುತ್ತಿರುವಾಗ ಔಷಧ ಸರಿಯಾಗಿ ಮೈಗೆ ಹತ್ತದೆಂದು ಪ್ರಮಾಣ ಹೆಚ್ಚಿಸಿದ್ದರೆ, ಬಾಯಲ್ಲಿ ಉಣ್ಣತೊಡಗಿದ ಮೇಲೂ ಅಷ್ಟೇ ಮಾತ್ರೆ ಮುಂದುವರಿಸುವುದು ಅಪಾಯ. ಆ ಹಂತದಲ್ಲಿ ರಕ್ತಪರೀಕ್ಷೆ ಅಗತ್ಯ.

ಹೀಗಾಗಿ, ಒಮ್ಮೆಯೂ ಫಿಟ್ಸ್ ಬಾರದವರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕದಲ್ಲೇ ‘ಮುನ್ನೆಚ್ಚರಿಕೆಗೆ ಮಾತ್ರ, ಇಂಥ ದಿನ ನಿಲ್ಲಿಸಿ’ ಎಂದು ಕನ್ನಡದಲ್ಲೇ ಬರೆದುಕೊಡಬೇಕೆಂಬುದು ನನ್ನ ಒತ್ತಾಯ. ಮೊದಲ ವಾರ ಕಳೆದ ಮೇಲೆ ಫಿಟ್ಸ್ ಬಂದವರ ಲೆಕ್ಕ ಬೇರೆ. ಅವರಿಗದು ಮುನ್ನೆಚ್ಚರಿಕೆಯಲ್ಲ, ಚಿಕಿತ್ಸೆ. ಅವರು ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಬಿಡುವೇ ಇಲ್ಲದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.