ಸಿಹಿ ಪಾನೀಯ, ಬೊಜ್ಜು ಮತ್ತು ಮಧುಮೇಹ: ತೂಕಕ್ಕೆ ಸಿಗದ ಕೊಬ್ಬಿನ ಪ್ರಶ್ನೆ

330 ಮಿ.ಲೀ. ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಲೆಕ್ಕ ಹಾಕಿದರೆ ಏಳು ಚಮಚ. ಇದು ಮೈತೂಕ ಹೆಚ್ಚಿಸುತ್ತದೆ ಎಂಬ ಬಗ್ಗೆ ಈಗ ದೊಡ್ಡ ತಕರಾರಿಲ್ಲ. 2000ದಲ್ಲಿ ಡಿಮೆಗ್ಲಿಯೊ ಮತ್ತು ಮ್ಯಾಟ್ಸ್ 15 ಜನರಿಗೆ ದಿನಕ್ಕೆ 450 ಕಿಲೊಕ್ಯಾಲೊರಿಯನ್ನು ಒಮ್ಮೆ ಮಿಠಾಯಿಯಾಗಿ, ಇನ್ನೊಮ್ಮೆ ಪಾನೀಯವಾಗಿ ಕೊಟ್ಟು ನೋಡಿದರು. ಮಿಠಾಯಿ ತಿಂದಾಗ ಉಳಿದ ಊಟ ತಾನಾಗಿ ಕಡಿಮೆಯಾಯಿತು; ಪಾನೀಯ ಕುಡಿದಾಗ ಆಗಲಿಲ್ಲ. 2012ರಲ್ಲಿ ಪ್ರಕಟವಾದ ಡಚ್ ಪ್ರಯೋಗದಲ್ಲಿ 641 ಮಕ್ಕಳಿಗೆ 18 ತಿಂಗಳು ದಿನಕ್ಕೆ 250 ಮಿ.ಲೀ. ಪಾನೀಯ ಕೊಡಲಾಯಿತು. ಸಕ್ಕರೆಯದನ್ನು ಕುಡಿದವರ ತೂಕ 7.37 ಕೆ.ಜಿ. ಏರಿದರೆ, ಸಕ್ಕರೆರಹಿತವನ್ನು ಕುಡಿದವರದು 6.35 ಕೆ.ಜಿ. ಏರಿತು.

ವಿವಾದ ಇರುವುದು ಮುಂದಿನ ಹೆಜ್ಜೆಯಲ್ಲಿ. ಪಾನೀಯದಿಂದ ಬೊಜ್ಜು, ಬೊಜ್ಜಿನಿಂದ ಮಧುಮೇಹ ಎಂಬ ಒಂದೇ ದಾರಿಯನ್ನು ಹಲವರು ಒಪ್ಪುತ್ತಾರೆ. ಅವರ ಪ್ರಕಾರ ಹೆಚ್ಚುವರಿ ಕ್ಯಾಲೊರಿ ಎಲ್ಲಿಂದ ಬಂದರೂ ಒಂದೇ. ಇಮಾಮುರಾ ಮತ್ತು ಸಂಗಡಿಗರ 2015ರ ಸಮಗ್ರ ವಿಶ್ಲೇಷಣೆ ಈ ವಾದಕ್ಕೆ ತೊಡಕಾಗುತ್ತದೆ. 17 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ದಿನಕ್ಕೊಂದು ಪಾಲು ಸಿಹಿ ಪಾನೀಯ ಹೆಚ್ಚಾದಂತೆ ಮಧುಮೇಹದ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ಮೈಬೊಜ್ಜಿನ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಶೇ. 13 ಉಳಿಯಿತು.

ಈ ಉಳಿಕೆಯನ್ನು ಹೇಗೆ ಓದಬೇಕು? ಸಕ್ಕರೆಗೆ ಬೊಜ್ಜಿನ ಹಂಗಿಲ್ಲದ ಸ್ವತಂತ್ರ ದಾರಿಯಿದೆ ಎನ್ನುವುದು ಅವಸರದ ಓದು. ಇಲ್ಲಿ ಬೊಜ್ಜು ಎಂದರೆ ಹೆಚ್ಚಾಗಿ ಬಿಎಂಐ, ಎತ್ತರ-ತೂಕಗಳ ಅನುಪಾತ. ಕೊಬ್ಬು ತೊಡೆಯಲ್ಲಿದೆಯೋ ಯಕೃತ್ತಿನ ಸುತ್ತ ಕೂತಿದೆಯೋ ಎಂಬುದು ಅದಕ್ಕೆ ತಿಳಿಯದು. ಸ್ಟಾನ್‌ಹೋಪ್ ತಂಡ 2009ರಲ್ಲಿ ತೋರಿಸಿದ್ದು ಈ ಕುರುಡು ಜಾಗವನ್ನೇ: ಹತ್ತು ವಾರ ಗ್ಲೂಕೋಸ್ ಅಥವಾ ಫ್ರಕ್ಟೋಸ್ ಪಾನೀಯ ಕುಡಿದ ಎರಡು ಗುಂಪುಗಳ ತೂಕ ಹೆಚ್ಚುಕಡಿಮೆ ಸಮನಾಗಿ ಏರಿದರೂ, ಹೊಟ್ಟೆಯೊಳಗಿನ ಕೊಬ್ಬು ಗಣನೀಯವಾಗಿ ಹೆಚ್ಚಿದ್ದು, ಇನ್ಸುಲಿನ್ ಸ್ಪಂದನೆ ತಗ್ಗಿದ್ದು ಫ್ರಕ್ಟೋಸ್ ಕುಡಿದವರಲ್ಲಿ.

ಹಾಗಾಗಿ ಶೇ. 13ರ ಒಂದು ಪಾಲಾದರೂ ತೂಕದ ಯಂತ್ರ ಕಾಣದ ಕೊಬ್ಬಿನದೇ ಆಗಿರಬಹುದು ಎಂಬುದು ಈ ಲೇಖನದ ವಾದ. ಇದನ್ನು ಎಚ್ಚರದಿಂದಲೇ ಮುಂದಿಡಬೇಕು. ಸ್ಟಾನ್‌ಹೋಪ್ ಪ್ರಯೋಗದಲ್ಲಿ ದಿನದ ಶಕ್ತಿಯ ಶೇ. 25 ಪಾನೀಯದಿಂದಲೇ ಬರುತ್ತಿತ್ತು. ಅಷ್ಟು ಕುಡಿಯುವವರು ವಿರಳ. ಪಾಲ್ಗೊಂಡವರೆಲ್ಲ ಮೊದಲೇ ದಪ್ಪಗಿದ್ದವರು. ಕಬ್ಬಿನ ಸಕ್ಕರೆಯಾದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬರೀ ಫ್ರಕ್ಟೋಸ್ ಅಲ್ಲ. ಸಿಹಿ ಪಾನೀಯ ಹೆಚ್ಚು ಕುಡಿಯುವವರ ಉಳಿದ ಅಭ್ಯಾಸಗಳ ನೆರಳೂ ಶೇ. 13ರ ಆ ಅಂಕಿಯ ಮೇಲೆ ಬಿದ್ದಿರಬಹುದು. ಇಮಾಮುರಾ ವಿಶ್ಲೇಷಣೆಯಲ್ಲೇ ಕೃತಕ ಸಿಹಿಯ ಪಾನೀಯಗಳ ಶೇ. 25ರ ಹೆಚ್ಚುವರಿ ಅಪಾಯ ಬೊಜ್ಜನ್ನು ಕಳೆದಾಗ ಶೇ. 8ಕ್ಕೆ ಕುಸಿದದ್ದೂ, ಇಂಥ ಅಂಕಿಗಳಲ್ಲಿ ಕಾರಣ-ಪರಿಣಾಮ ಅದಲುಬದಲಾಗುವ ಸಾಧ್ಯತೆಯನ್ನು ನೆನಪಿಸುತ್ತದೆ.

ಆದರೂ ಭಾರತದ ಮಟ್ಟಿಗೆ ಈ ವಾದ ತಳ್ಳಿಹಾಕುವಂಥದ್ದಲ್ಲ. 2004ರಲ್ಲಿ ಪುಣೆಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ತಮ್ಮದೇ ಮೈಯನ್ನು ಹೋಲಿಸಿ ತೋರಿಸಿದರು: ಇಬ್ಬರ ಬಿಎಂಐಯೂ 22.3, ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಇಂಥ ಸಣಕಲು ಮೈಯ ಲೆಕ್ಕದಿಂದ ಬಿಎಂಐ ಕಳೆದರೆ, ಉಳಿಯುವ ಕೊಬ್ಬಿನ ಪಾಲೇ ದೊಡ್ಡದು.

ಆದರೆ ಇಮಾಮುರಾ ತಂಡ ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನವು. ಬಾಟಲಿಯ ಪಾನೀಯದ ಬದಲು ಮನೆಯ ಕಾಫಿ-ಚಹಾದಲ್ಲಿ, ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಬಾರಿ ಒಳಹೋಗುವ ಸಕ್ಕರೆಗೂ ಇದೇ ಅಂಕಿ ಹೊಂದುತ್ತದೆಯೇ ಎಂಬುದಕ್ಕೆ ಅವುಗಳಿಂದ ಉತ್ತರ ತೆಗೆಯಲಾಗದು.