ಧಾರವಾಡ ಸೀಮೆಯ ಪ್ರಾಗೈತಿಹಾಸಿಕ ಕಶೇರುಕ ಪ್ರಾಣಿಗಳು: ಅಭಾವ ಮತ್ತು ಅಳಿವು

ನಾಡಿನ ಇತಿಹಾಸವನ್ನು ಶಾಸನಗಳಿಂದ ಆರಂಭಿಸುವುದು ನಮ್ಮಲ್ಲಿ ರೂಢಿ. ಬೆಳ್ವೊಲ ಮುನ್ನೂರರ ಅಣ್ಣಿಗೇರಿಯನ್ನು ಕುರಿತು ಬರೆಯುವವನಿಗೆ ಸಾಮಗ್ರಿಯ ಕೊರತೆಯಿಲ್ಲ. ಆದರೆ ಮನುಷ್ಯನು ಅಕ್ಷರ ಕಲಿಯುವುದಕ್ಕೆ ಬಹು ಪೂರ್ವದಲ್ಲಿ ಇಲ್ಲಿ ಬಾಳಿದ ಕಶೇರುಕಗಳ, ಎಂದರೆ ಬೆನ್ನೆಲುಬುಳ್ಳ ಪ್ರಾಣಿಗಳ, ವಿಷಯದಲ್ಲಿ ಧಾರವಾಡ ಜಿಲ್ಲೆಯ ನೆಲ ಬಹುಮಟ್ಟಿಗೆ ಮೌನವಾಗಿದೆ. ಈ ಮೌನವನ್ನು ಹೇಗೆ ಅರ್ಥೈಸಬೇಕೆಂಬುದೇ ಇಲ್ಲಿಯ ವಿಚಾರ.

ಮೊದಲ ಕಾರಣ ಶಿಲೆಗಳ ವಯಸ್ಸು. ರಾಬರ್ಟ್ ಬ್ರೂಸ್ ಫೂಟ್ ಅವರು ಧಾರವಾಡದ ಹೆಸರಿನಿಂದಲೇ ಕರೆದ ಶಿಲಾವರ್ಗವು 250 ಕೋಟಿ ವರ್ಷಗಳಿಗೂ ಹಿಂದಿನದು. ಕಶೇರುಕಗಳ ಅತ್ಯಂತ ಹಳೆಯ ಕುರುಹುಗಳಾದರೋ ಸುಮಾರು 52 ಕೋಟಿ ವರ್ಷಗಳಷ್ಟು ಮಾತ್ರ ಹಿಂದಿನವು. ಆದುದರಿಂದ ಈ ಕಲ್ಲುಗಳಲ್ಲಿ ಎಲುಬನ್ನು ಹುಡುಕುವುದು ವ್ಯರ್ಥ. 1828ರಲ್ಲಿ ಜಬಲ್ಪುರದಲ್ಲಿ ಸ್ಲೀಮನ್ ಅವರಿಗೆ ದೊರೆತಂಥ ಡೈನೋಸಾರ್ ಅವಶೇಷಗಳು ಇಲ್ಲಿ ದೊರೆಯದಿದ್ದರೆ, ಆ ಪ್ರಾಣಿಗಳು ಇಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ಅವುಗಳನ್ನು ಕಾಪಾಡಬಲ್ಲ ಪದರಗಳು ಇಲ್ಲಿಲ್ಲವೆಂದಷ್ಟೇ ಅರ್ಥ.

ಹೀಗೆ ನಮಗೆ ಉಳಿಯುವುದು ನದಿ ಹಳ್ಳಗಳು ತಂದೊಡ್ಡಿದ ಈಚಿನ ಮೆಕ್ಕಲುಮಣ್ಣು. ನೆರೆಯ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಇಂಥ ಮಣ್ಣಿನಲ್ಲಿ ದೊರೆತ ಖಡ್ಗಮೃಗದ ಎಲುಬುಗಳನ್ನು ಫೂಟ್ ಅವರು 1874ರಲ್ಲಿ ವರ್ಣಿಸಿ, ಅದಕ್ಕೆ ‘ರೈನೋಸೆರಾಸ್ ಡೆಕ್ಕನೆನ್ಸಿಸ್’ ಎಂಬ ಹೊಸ ಜಾತಿಯ ಹೆಸರನ್ನಿತ್ತರು. ಪೂರ್ವದಲ್ಲಿ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯನವರ ಸಂಶೋಧನೆಯಿಂದ ಶಿಲಾಯುಧಗಳೊಡನೆ ಆನೆ ಹಾಗೂ ಕಾಡುದನಗಳ ಅವಶೇಷಗಳು ಬೆಳಕಿಗೆ ಬಂದವು. ಅಲ್ಲಿಯ ತೆಗ್ಗಿಹಳ್ಳಿಯ ದನದ ಹಲ್ಲಿಗೆ ಯುರೇನಿಯಂ-ಥೋರಿಯಂ ಕ್ರಮದಿಂದ ಸುಮಾರು 2.9 ಲಕ್ಷ ವರ್ಷಗಳ ವಯಸ್ಸು ಗೊತ್ತಾಗಿದೆ. ಈ ಎರಡು ನೆಲೆಗಳ ನಡುವಿನ ಸೀಮೆ ಪ್ರಾಣಿಶೂನ್ಯವಾಗಿತ್ತೆಂದು ನಂಬುವುದು ಕಷ್ಟ.

ಇವೆಲ್ಲವೂ ಅಳಿದವೇ? ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಒಂದು ಪ್ರಾಣಿ ಒಂದು ಸೀಮೆಯಿಂದ ಮರೆಯಾಗುವುದು ಬೇರೆ, ಜಗತ್ತಿನಿಂದಲೇ ಇಲ್ಲವಾಗುವುದು ಬೇರೆ. ಖಡ್ಗಮೃಗದ ವಂಶ ಕನ್ನಡ ನಾಡಿನಿಂದ ಮರೆಯಾಯಿತು. ಅಸ್ಸಾಮಿನಲ್ಲಿ ಇಂದಿಗೂ ಬಾಳುತ್ತಿದೆ. ಫೂಟ್ ಮತ್ತು ಅವರ ಮಗ 1880ರ ದಶಕದಲ್ಲಿ ಅಗೆದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳ ಮರುಪರಿಶೀಲನೆಯ ಫಲ 2014ರಲ್ಲಿ ಪ್ರಕಟವಾಯಿತು. ಎರಡು ಲಕ್ಷ ವರ್ಷಗಳ ಅವಧಿಯಲ್ಲಿ ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಗಳು, ಎಲ್ಲ ಸೀಮೆಗಳಲ್ಲಿ ಅಲ್ಲದಿದ್ದರೂ, ಭರತಖಂಡದಲ್ಲಿ ಉಳಿದುಕೊಂಡಿವೆ. ನೇರ ದಂತದ ದೊಡ್ಡ ಆನೆ, ಸ್ಟೆಗೊಡಾನ್, ನೀರಾನೆ, ಒಂದು ಬಗೆಯ ಕಾಡುಕುದುರೆ ಇವು ಮಾತ್ರ ಮರಳಿ ಬಾರದಂತೆ ಈ ನೆಲವನ್ನು ತೊರೆದ ದೊಡ್ಡ ಪ್ರಾಣಿಗಳಲ್ಲಿ ಮುಖ್ಯವಾದವು. ಉತ್ತರ ಅಮೆರಿಕದಲ್ಲಿ ಹಿಮಯುಗದ ಕೊನೆಯ ಹೊತ್ತಿಗೆ 30ಕ್ಕೂ ಹೆಚ್ಚು ಕುಲಗಳು ಇಲ್ಲವಾದುದಕ್ಕೆ ಹೋಲಿಸಿದರೆ ಇದು ಅಲ್ಪ ಹಾನಿ. ಇಲ್ಲಿಯ ಮೃಗಗಳು ಮಾನವಕುಲದೊಡನೆ ಲಕ್ಷಾಂತರ ವರ್ಷ ಬಾಳಿ ಅವನ ಬೇಟೆಯ ರೀತಿಗೆ ಹೊಂದಿಕೊಂಡಿದ್ದುವೆಂಬುದು ಇದಕ್ಕೆ ಕೆಲವು ವಿದ್ವಾಂಸರು ಕೊಡುವ ಕಾರಣ.

ನಮ್ಮ ಜಿಲ್ಲೆ ಈ ಚರ್ಚೆಗೆ ಏನನ್ನು ಸಲ್ಲಿಸಬಲ್ಲದು? ಕುಂದಗೋಳ, ನವಲಗುಂದ ಸೀಮೆಗಳ ನೀರನ್ನು ಹೊತ್ತೊಯ್ಯುವ ಬೆಣ್ಣೆಹಳ್ಳವು ಮಲಪ್ರಭೆಯನ್ನು ಸೇರುತ್ತದೆ. ಆ ಮಲಪ್ರಭೆಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಆಯುಧಗಳಿರುವುದನ್ನು ಆರ್. ವಿ. ಜೋಶಿಯವರು 1955ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾರೆ. ಹಳ್ಳಕ್ಕೆ ಮಹಾಪೂರ ಬಂದಾಗ ದಂಡೆ ಕುಸಿದು ಹಳೆಯ ಪದರಗಳು ತೆರೆದುಕೊಳ್ಳುತ್ತವೆ. ಮುಂದಿನ ಪೂರ ಅವನ್ನು ಕೊಚ್ಚಿಕೊಂಡು ಹೋಗುತ್ತದೆ.

ಆದರೆ ಇಲ್ಲಿ ಎಚ್ಚರ ಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಕೂಡಿಕೊಳ್ಳುತ್ತದೆ. ಮೇಲಿನ ವಸ್ತು ಬಿರುಕಿನಲ್ಲಿ ಕೆಳಗಿಳಿಯುವುದೂ ಕೆಳಗಿನದು ಮೇಲೇರುವುದೂ ಸಾಧ್ಯ. ಆದಕಾರಣ ಆಳವೊಂದನ್ನೇ ನೋಡಿ ಎಲುಬಿನ ಕಾಲವನ್ನು ನಿರ್ಣಯಿಸಲಾಗದು. ಕೆಳಗಿನ ಮರಳು ಗರಸಿನ ಅಲುಗದ ಪದರದಲ್ಲಿ ದೊರೆತದ್ದಕ್ಕೇ ಹೆಚ್ಚಿನ ಬೆಲೆ.

ಗ್ರಾಮಾಂತರ ಕಾಲೇಜುಗಳ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಪ್ರತಿ ಮಳೆಗಾಲ ಮುಗಿದ ಮೇಲೆ ತಮ್ಮೂರ ಹಳ್ಳದ ದಂಡೆಯನ್ನು ಪರಿಶೀಲಿಸುವುದು ಅವಶ್ಯ. ಕಲ್ಲಾದ ಎಲುಬೋ ಹಲ್ಲೋ ಕಂಡರೆ ಅದನ್ನು ಕೀಳದೆ, ಸ್ಥಳ, ಪದರ ಮತ್ತು ಆಳವನ್ನು ಬರೆದಿಟ್ಟು, ಚಿತ್ರ ತೆಗೆದು ತಜ್ಞರಿಗೆ ತಿಳಿಸಬೇಕು. ಪದರದಿಂದ ಕಿತ್ತ ಎಲುಬು, ಊರು ತಿಳಿಯದ ಶಾಸನದಂತೆ, ತನ್ನ ಅರ್ಧ ಸಾಕ್ಷ್ಯವನ್ನು ಕಳೆದುಕೊಳ್ಳುತ್ತದೆ. ಹುಡುಕಿ ನೋಡದ ನೆಲದ ಮೌನವನ್ನು ಅಭಾವವೆಂದು ಬರೆಯುವ ಅಧಿಕಾರ ಇತಿಹಾಸಕಾರನಿಗಿಲ್ಲ.