ಸೋಸಿದರೂ ಉಳಿಯುವ ವಿಷ

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಿಗಳನ್ನು ಅದೇ ಬಾವಿಗೆ, ಅದೇ ಹೊಳೆಗೆ ಮರಳಿಸಬೇಕೆಂಬ ವಿಧಿಯೂ ಇದೆ. ಕುಡಿಯುವವನ ಆರೋಗ್ಯವಷ್ಟೇ ಅಲ್ಲ, ನೀರಿನಲ್ಲಿರುವ ಜೀವದ ರಕ್ಷಣೆಯೂ ಇದರ ಆಶಯ. ಆದರೆ ಇಪ್ಪತ್ತನೆಯ ಶತಮಾನವು ಯಾವ ಬಟ್ಟೆಯಲ್ಲೂ ನಿಲ್ಲದ ವಿಷವನ್ನು ನೀರಿಗೆ ಬೆರೆಸಿತು. ಅಂಥದೊಂದು ಚರಿತ್ರೆ ನಮ್ಮ ನೆರೆಯ ಕಾಸರಗೋಡಿನಲ್ಲಿಯೇ ನಡೆದಿದೆ.

ಆ ಜಿಲ್ಲೆಯ ಗುಡ್ಡಗಳಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿಗೆ ಸೇರಿದ ಸುಮಾರು 4,600 ಹೆಕ್ಟೇರ್ ಗೇರು ತೋಟಗಳಿದ್ದವು. ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟದ ನಾಶಕ್ಕಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ಮನೆ, ಅಡಿಕೆ ತೋಟ, ಸುರಂಗ, ತೋಡುಗಳು ಕಣಿವೆಯಲ್ಲಿ. ಬಾವಿಯನ್ನು ಮುಚ್ಚಬಹುದು, ಹರಿಯುವ ತೋಡನ್ನು ಮುಚ್ಚುವ ಬಗೆ ಯಾವುದು?

ಎಂಡೋಸಲ್ಫಾನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ತೇಲಿದ ಹನಿಗಳು ನೇರವಾಗಿ ತೋಡಿಗೆ ಬಿದ್ದರೆ, ನೆಲಕ್ಕಿಳಿದ ಅಂಶವು ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣಿನೊಡನೆ ಹೊಳೆಯ ತಳವನ್ನು ಸೇರುತ್ತದೆ. ಲೀಟರು ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನುಗಳಿಗೆ ಅದು ಮಾರಕ. ನೀರು ಮಾತ್ರ ನೋಡಲು ತಿಳಿಯಾಗಿಯೇ ಇರುತ್ತದೆ.

ಮೊದಲ ಎಚ್ಚರಿಕೆ ಬಂದುದು ಜಾನುವಾರುಗಳಿಂದ. ಅಂಗವಿಕಲ ಕರುಗಳ ಜನನವನ್ನು ಕುರಿತು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲಿಯೇ ಬರೆದರು. 1990ರ ದಶಕದಲ್ಲಿ ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಅಸಾಮಾನ್ಯ ಕಾಯಿಲೆಗಳನ್ನು ಗುರುತಿಸಿದರು. ಕೃಷಿ ಇಲಾಖೆಯ ನೌಕರರಾದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ತಡೆಯಾಜ್ಞೆ ಪಡೆದರು. ವೇಣೂರಿನ ಬಾಹುಬಲಿ ನಿಂತಿರುವ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಸರಕಾರಿ ಗೇರು ತೋಟಗಳ ಮೇಲೆ ಇದೇ ವಿಷ ಬಿದ್ದಿತ್ತು. ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಮೊದಲ ಬರಹದಿಂದ ಈ ಆಜ್ಞೆಯವರೆಗೆ 32 ವರ್ಷ!

ಈ ಚರಿತ್ರೆಯಲ್ಲಿ ಹೊಳೆಯನ್ನು ಕೊಲ್ಲಬೇಕೆಂದು ಸಂಕಲ್ಪಿಸಿದವರು ಯಾರೂ ಇಲ್ಲ. ತಯಾರಿಸಿದವನು ಮಾರಿದನು, ಕೊಂಡವನು ಸಿಂಪಡಿಸಿದನು, ಅಧಿಕಾರಿ ಅನುಮತಿಸಿದನು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹೇಳುವ ಐದು ಅನರ್ಥದಂಡಗಳಲ್ಲಿ ಕೊಲ್ಲುವ ಸಾಧನಗಳನ್ನು ಒದಗಿಸುವ ಹಿಂಸಾದಾನವೂ, ನೆಲ ನೀರುಗಳನ್ನು ಎಚ್ಚರವಿಲ್ಲದೆ ಕೆಡಿಸುವ ಪ್ರಮಾದಚರ್ಯೆಯೂ ಸೇರಿವೆ. ಗೇರಿನ ಕೀಟವನ್ನು ಕೊಂದುದರಲ್ಲಿ ಪ್ರಯೋಜನವಿತ್ತೆಂದು ವಾದಕ್ಕಾಗಿ ಒಪ್ಪೋಣ. ತೋಡಿನ ಮೀನು ಕಪ್ಪೆಗಳ ನಾಶದಿಂದ ಯಾರಿಗೆ ಏನು ಪ್ರಯೋಜನ? ಅದು ಶುದ್ಧ ಅನರ್ಥದಂಡ.

ವ್ಯಾಪಾರಿಗಳಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಗೇರಿನ ಆದಾಯ ಆಯಾ ವರ್ಷದ ಲೆಕ್ಕಕ್ಕೆ ಜಮೆಯಾಯಿತು. ಖರ್ಚು ದಶಕಗಳ ಬಳಿಕ, ಬೇರೆಯವರ ಮನೆಯಲ್ಲಿ ಬಿದ್ದಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2017ರಲ್ಲಿ ನ್ಯಾಯಾಲಯವೇ ಆದೇಶಿಸಬೇಕಾಯಿತು. ತೋಡಿನ ಜೀವಿಗಳಿಗೆ ಪರಿಹಾರ ಕೊಡುವವರಾರು?

ಎಂಡೋಸಲ್ಫಾನ್ ಹೋಯಿತು, ಅಂಗಡಿಯ ಕಪಾಟಿನಲ್ಲಿ ಬೇರೆ ಔಷಧಿಗಳಿವೆ. ಜಮೀನುಳ್ಳ ಬಸದಿಗಳ ಆಡಳಿತ ಮಂಡಳಿಗಳು ಗೇಣಿ ಪತ್ರದಲ್ಲಿ ಒಂದೆರಡು ಷರತ್ತು ಸೇರಿಸಬಹುದು: ಹಳ್ಳದ ಅಂಚಿನಲ್ಲಿ ಹುಲ್ಲು ಗಿಡಗಳ ಪಟ್ಟಿಯನ್ನು ಉಳಿಸಬೇಕು, ಸಿಂಪಡಿಸುವ ಯಂತ್ರವನ್ನು ಹರಿಯುವ ನೀರಿನಲ್ಲಿ ತೊಳೆಯಕೂಡದು. ಔಷಧಿ ಮಾರುವ ನಮ್ಮ ಬಂಧುಗಳು ತಾವು ಮಾರುವ ವಸ್ತು ಯಾವ ನೀರನ್ನು ಸೇರೀತೆಂದು ವಿಚಾರಿಸಬಹುದು. ಅಡುಗೆಮನೆಯಲ್ಲಿ ನೀರನ್ನು ಸೋಸುವ ನಾವು ಅದು ಹರಿದು ಬಂದ ದಾರಿಯನ್ನೂ ಕಾಯಬೇಕಾಗಿದೆ.